ನಮ್ಮ ಸರ್ ಮತ್ತು ಗೀರಿಲ್ಲದ ಕಾರು

ನಮ್ಮ ಸರ್ ಕಳೆದ ತಿಂಗಳು ತಮ್ಮ ಮನೆಯಲ್ಲಿ, ತಮ್ಮದೇ ಮಂಚದ ಮೇಲೆ, ಮಧ್ಯಾಹ್ನದ ನಿದ್ದೆಯಲ್ಲಿ ಯಾರಿಗೂ ತೊಂದರೆ ಕೊಡದೆ ತೀರಿಕೊಂಡರು. ಇಂಥ ಸಾವಿಗೆ ಪುಣ್ಯ ಮಾಡಿರಬೇಕು ಎಂದು ಬಂದವರೆಲ್ಲ ಹೇಳಿದರು. ನಾನೂ ತಲೆಯಾಡಿಸಿದೆ. ಆದರೆ ಮಂಚದ ಮೇಲೆ ಸಾಯುವ ಈ ಸೌಕರ್ಯವನ್ನು ಅವರು ಒಂದು ಬೆಳಿಗ್ಗೆ ನನ್ನಿಂದ ಮತ್ತು ತಮ್ಮ ಹೆಂಡತಿಯಿಂದ ಹೆಚ್ಚುಕಡಿಮೆ ಕಸಿದುಕೊಂಡೇ ಬಿಟ್ಟಿದ್ದರು. ಹಾಗಾಗಿ ನನ್ನ ತಲೆಯಾಡಿಸುವಿಕೆಯಲ್ಲಿ ಸ್ವಲ್ಪ ಹೊಟ್ಟೆಕಿಚ್ಚೂ ಇತ್ತು.

ಮೊದಲು ಅವರ ವಿದ್ಯೆಯ ಬಗ್ಗೆ ಹೇಳಬೇಕು. ನಡೆದದ್ದರಲ್ಲಿ ಅದರ ಪಾಲೂ ಇದೆ. ಬೆಳಗಾವಿಯ ಕಾಲೇಜೊಂದರಲ್ಲಿ ಅವರು ರಸಾಯನಶಾಸ್ತ್ರ ಕಲಿಸುತ್ತಿದ್ದರು. ನಾನು ಅವರ ವಿದ್ಯಾರ್ಥಿ. ಮುಂದೆ ಅದೇ ವಿಭಾಗಕ್ಕೆ ಸೇರಿ ಅವರ ಪಕ್ಕದ ಮೇಜಿಗೆ ಬಂದವನು. ವರ್ಷದ ಮೊದಲ ದಿನವೇ ಅವರು ಒಂದು ಹೊಸ ರಬ್ಬರ್ ಬ್ಯಾಂಡನ್ನು ಪ್ರಯೋಗಾಲಯದ ಕಿಟಕಿಯ ಸರಳಿಗೆ ನೇತುಹಾಕುತ್ತಿದ್ದರು. ಬಿಸಿಲಿನಲ್ಲಿ ಅದು ಅಲ್ಲೇ ಇರುತ್ತಿತ್ತು. ಪರೀಕ್ಷೆಗೆ ಮುಂಚಿನ ಕೊನೆಯ ತರಗತಿಯಲ್ಲಿ ಅದನ್ನು ಬಿಚ್ಚಿ ತಂದು, ಎರಡು ಬೆರಳಲ್ಲಿ ಹಿಡಿದು, ಎಲ್ಲರೂ ನೋಡುವಂತೆ ಎಳೆಯುತ್ತಿದ್ದರು. ಅದು ಹಿಗ್ಗುವ ಬದಲು ಪಟ್ಟನೆ ತುಂಡಾಗುತ್ತಿತ್ತು.

"ನೋಡ್ರಿ, ಯಾರೂ ಮುಟ್ಟಿಲ್ಲ, ಯಾರೂ ಎಳದಿಲ್ಲ. ಸುಮ್ಮ ಇಟ್ಟಿದ್ದು ಅಷ್ಟ. ಬಿಸಲು, ಗಾಳಿ, ವ್ಯಾಳ್ಯಾ, ಈ ಮೂರೂ ಕೂಡಿದ್ರ ರಬ್ಬರ್ ಅನ್ನೂದು ಖಡಕ್ ರೊಟ್ಟಿ ಆಗ್ತೈತಿ" ಎನ್ನುತ್ತಿದ್ದರು. ಅವರ ಕೈಯಲ್ಲಿ ಕಲಿತವರು ಬೇರೆ ಏನನ್ನು ಮರೆತರೂ ಆ ರೊಟ್ಟಿಯನ್ನು ಮರೆತಿಲ್ಲ. ಮರೆತವರು ಒಬ್ಬರೇ, ಅವರೇ.

ಯಾವ ವಸ್ತುವನ್ನಾದರೂ ಬೆಳಕಿಗೆ ಹಿಡಿದು ನೋಡದೆ, ಮೂಸಿ ನೋಡದೆ ಅವರು ಒಪ್ಪಿಕೊಳ್ಳುತ್ತಿರಲಿಲ್ಲ. ಮದುವೆ ಮನೆಯಲ್ಲಿ ನೀರಿನ ಲೋಟವನ್ನು ಕಿಟಕಿಯ ಕಡೆ ಎತ್ತಿ ತಿರುಗಿಸಿ ನೋಡುವರು. ಬಡಿಸುವವರು ಅದರಲ್ಲೇನು ಬಿದ್ದಿದೆಯೋ ಎಂದು ಗಾಬರಿಯಾಗಿ ಓಡಿ ಬರುವರು. ಹೊಸ ಪುಸ್ತಕ ಬಂದರೆ ಮೊದಲು ಅಂಟಿನ ವಾಸನೆ, ಆಮೇಲೆ ವಿಷಯ. ಮೆಚ್ಚಿದ್ದಕ್ಕೆ ಅವರು ಕೊಡುತ್ತಿದ್ದ ಬಿರುದು ಒಂದೇ: "ಒರಿಜಿನಲ್ ಐತಿ." ಹಿಂಡಲಗಾ ರಸ್ತೆಯ ಕಡೆಗಿದ್ದ ಅವರ ಮನೆಯಲ್ಲಿ ಗಡಿಯಾರ, ರೇಡಿಯೋ, ಕುಕ್ಕರಿನ ಸೀಟಿ ಎಲ್ಲವೂ ಒರಿಜಿನಲ್. ಅದಕ್ಕೇ ಗಡಿಯಾರ ನಡೆಯುತ್ತಿರಲಿಲ್ಲ, ರೇಡಿಯೋ ಹಾಡುತ್ತಿರಲಿಲ್ಲ, ಕುಕ್ಕರು ಕೂಗುತ್ತಿರಲಿಲ್ಲ.

"ಈ ಮನ್ಯಾಗ ಕೂಗಾವ್ರು ನಾ ಒಬ್ಬಾಕಿ. ನಾನೂ ಒರಿಜಿನಲ್ ಅದೀನಿ, ಅದಕ್ಕ ಬದಲ್ ಮಾಡಿಲ್ಲ" ಎಂದು ಅವರ ಹೆಂಡತಿ ಹೇಳುತ್ತಿದ್ದರು. ನಾವೆಲ್ಲ ಅವರನ್ನು ಅಕ್ಕಾರ ಎಂದೇ ಕರೆಯುತ್ತಿದ್ದೆವು.

ನಿವೃತ್ತಿಯ ನಂತರ ಜನ ತೀರ್ಥಯಾತ್ರೆ ಮಾಡುತ್ತಾರೆ, ಸಕ್ಕರೆ ಕಾಯಿಲೆಯ ಬಗ್ಗೆ ಉಪನ್ಯಾಸ ಕೊಡುತ್ತಾರೆ. ನಮ್ಮ ಸರ್ ಮೊಬೈಲಿನಲ್ಲಿ ಹಳೆಯ ಕಾರುಗಳ ವಿಡಿಯೋ ನೋಡತೊಡಗಿದರು. ಯಾವುದೋ ದೇಶದಲ್ಲಿ ಬಿಳಿ ಕೈಗವಸು ಹಾಕಿಕೊಂಡ ಮುದುಕನೊಬ್ಬ ಕಾರಿನ ಬಾಗಿಲನ್ನು ಹತ್ತು ಸಲ ತೆಗೆದು ಹತ್ತು ಸಲ ಮುಚ್ಚುತ್ತಾನೆ. ಆ ಸದ್ದನ್ನು ಕೇಳಲು ಲಕ್ಷಾಂತರ ಜನ ಕೂತಿರುತ್ತಾರೆ. ಸರ್ ನನ್ನ ಕಿವಿಗೂ ಮೊಬೈಲ್ ಒತ್ತಿ, "ಕೇಳಿಸ್ತೇನು? ಧಪ್ ಅನ್ನಂಗಿಲ್ಲ, ಠಪ್ ಅನ್ನಂಗಿಲ್ಲ. ಇದಕ್ಕ ಜಪಾನ್ ಅಂತಾರ" ಎಂದರು. ಮೂವತ್ತು ವರ್ಷದ ಹಿಂದೆ ಜಪಾನಿನವರು ಸಾಹೇಬರಿಗಾಗಿ ಮಾಡುತ್ತಿದ್ದ ಉದ್ದನೆಯ ಕಾರುಗಳು ಈಗ ಸಂಗ್ರಹಯೋಗ್ಯ ಎಂದೂ, ಅಂಥದೊಂದು ನಮ್ಮ ಖಾನಾಪುರದಲ್ಲೇ ಇದೆಯೆಂದೂ ಅವರಿಗೆ ಎಲ್ಲಿಂದಲೋ ತಿಳಿದುಬಂತು. ನನ್ನನ್ನೂ ಕರೆದುಕೊಂಡು ಹೊರಟರು.

ಖಾನಾಪುರದ ಆ ಮನೆಯವರದು ಹಿಂದೆ ಹಂಚಿನ ಕಾರ್ಖಾನೆ. ಕಾರ್ಖಾನೆ ನಿಂತು ಎಷ್ಟೋ ಕಾಲವಾಗಿತ್ತು. ಕಾರು ತರಿಸಿದ್ದ ಯಜಮಾನರೂ ಇರಲಿಲ್ಲ. ಅವರ ಹೆಂಡತಿ, ಎಲ್ಲರೂ ಕಾಕೂ ಎನ್ನುವ ಗಟ್ಟಿ ಮುದುಕಿ, ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ಮಾತಾಡುತ್ತ ನಮ್ಮನ್ನು ಹಂಚು ಒಣಗಿಸುತ್ತಿದ್ದ ಶೆಡ್ಡಿಗೆ ಕರೆದೊಯ್ದರು. ಕಾರಿನ ಮೇಲೆ ಹಳೆಯ ಚಾದರಗಳು, ಅವುಗಳ ಮೇಲೊಂದು ಕೌದಿ. ಜ್ವರ ಬಂದವರಿಗೆ ಹೊದಿಸಿದ ಹಾಗೆ. ಒಂದೊಂದಾಗಿ ತೆಗೆದರು. ಒಳಗಿಂದ ಮುತ್ತಿನ ಬಿಳಿಯ ಕಾರು ಹೊರಬಂತು. ಎಲ್ಲೂ ಒಂದು ಗೀರಿಲ್ಲ. ಒಳಗೆ ಮಖಮಲ್ಲಿನ ಸೀಟು, ಅದರ ಮೇಲೆ ಜಪಾನಿನಿಂದ ಬರುವಾಗ ಹಾಕಿದ್ದ ಪ್ಲಾಸ್ಟಿಕ್ ಹಾಗೇ ಇತ್ತು.

"ಆಮ್ಚೆ ಮಾಲಕ ಇದನ್ನ ಮಳ್ಯಾಗ ಒಮ್ಮಿನೂ ತಗದಿಲ್ಲ ಬಘಾ. ಡ್ರೈವರ್ ವಾರಕ್ಕೊಮ್ಮಿ ಚಾಲೂ ಮಾಡಿ ಗೇಟಿನ ಮಟಾ ಒಯ್ದು ತರ್ತಿದ್ದ" ಎಂದರು ಕಾಕೂ.

ಮಳೆ ಬಿಡದೆ ಸುರಿಯುವ ಖಾನಾಪುರದಂಥ ಊರಿನಲ್ಲಿ ಮಳೆಯನ್ನೇ ಕಾಣದ ಕಾರು ಎಂದರೆ ಅದು ನಡೆದೇ ಇಲ್ಲ ಎಂದು ಅರ್ಥ. ಸರ್ ಅದನ್ನು ಕೇಳಿ ಕಣ್ಣು ಮುಚ್ಚಿಕೊಂಡರು. ಆಮೇಲೆ ತಲೆಯನ್ನು ಕಾರಿನೊಳಗೆ ತೂರಿಸಿ ದೀರ್ಘವಾಗಿ ಉಸಿರೆಳೆದರು. ಹೊರಗೆ ಬಂದು ಚಕ್ರದ ಮುಂದೆ ಕುಕ್ಕರುಗಾಲಲ್ಲಿ ಕೂತರು. ಹೊಸ ಟೈರಿನ ಮೇಲಿರುವ ಸಣ್ಣ ಸಣ್ಣ ರಬ್ಬರಿನ ಕೂದಲು ಅಲ್ಲಲ್ಲಿ ಇನ್ನೂ ಉಳಿದಿದ್ದವು. ಕೂಸಿನ ಕೆನ್ನೆ ಸವರಿದಂತೆ ಅವನ್ನು ಸವರಿದರು.

"ಟೈರ್ ಸುದ್ದಾ ಒರಿಜಿನಲ್. ಜಪಾನಿನ ಅಕ್ಷರ ಅದಾವು ನೋಡು."

ಅಕ್ಷರಗಳ ಸುತ್ತ ಬೇರೆ ಗೆರೆಗಳೂ ಇದ್ದವು. ಬೇಸಿಗೆಯ ಕೆರೆಯ ಅಂಗಳದಂತೆ ನವಿರಾಗಿ ಒಡೆದ ಗೆರೆಗಳು. ನಾನು ಮೆಲ್ಲಗೆ, "ಸರ್, ರಬ್ಬರ್..." ಎಂದೆ.

"ಅದು ಸಿಲೆಬಸ್ಸಿನ ರಬ್ಬರ್. ಇದು ಜಪಾನದ್ದು" ಎಂದರು.

"ಟೈರ್ ಹೊಸಾವು ಹಾಕಸ್ರಿ ಗುರೂಜಿ, ಆಮ್ಯಾಲೆ ಬೇಕಾದಲ್ಲಿ ತಿರಗರಿ" ಎಂದು ಕಾಕೂ ಕೂಡ ಹೇಳಿದರು. ಸರ್ ಆಕೆಯ ಕಡೆ ನೋಡಿದ ನೋಟ ನನಗೆ ಗೊತ್ತಿತ್ತು. ಪ್ರಯೋಗಾಲಯದಲ್ಲಿ ಆ್ಯಸಿಡ್ಡಿಗೆ ನೀರು ಸುರಿಯಹೋದ ಹುಡುಗರನ್ನು ಹಾಗೆ ನೋಡುತ್ತಿದ್ದರು. ಟೈರು ಬದಲಿಸಿದ ಕಾರಿಗೂ ಹಲ್ಲುಸೆಟ್ಟು ಹಾಕಿದ ವರನಿಗೂ ಏನು ಫರಕು ಎಂದು ವಾಪಸು ಬರುವ ಬಸ್ಸಿನಲ್ಲಿ ನನ್ನನ್ನೇ ಕೇಳಿದರು. ಎಷ್ಟಕ್ಕೆ ಕೊಂಡರು ಎಂಬುದನ್ನು ಅಕ್ಕಾರಿಗೂ ಹೇಳಲಿಲ್ಲ.

ಕಾರು ಮನೆಗೆ ಬಂದ ದಿನ ಪೂಜೆ. ನಮ್ಮಲ್ಲಿ ಹೊಸ ಗಾಡಿಗೆ ಕುಂಕುಮ ಹಚ್ಚುತ್ತಾರೆ, ಕಾಯಿ ಒಡೆಯುತ್ತಾರೆ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಹಾಯಿಸುತ್ತಾರೆ. ಸರ್ ಒಂದೊಂದನ್ನೂ ವೈಜ್ಞಾನಿಕವಾಗಿ ತಳ್ಳಿಹಾಕಿದರು. ಕುಂಕುಮದ ಬಣ್ಣ ಪಾಲಿಶಿನೊಳಗೆ ಇಳಿಯುತ್ತದೆ. ಕಾಯಿಯ ಚೂರು ಸಿಡಿಯುತ್ತದೆ. ನಿಂಬೆಹಣ್ಣೆಂದರೆ ಸಿಟ್ರಿಕ್ ಆ್ಯಸಿಡ್, ಅದು ಟೈರಿಗೆ ಒಳ್ಳೆಯದಲ್ಲ. ಕೊನೆಗೆ ಪೂಜೆಯಾದದ್ದು ತಟ್ಟೆಯಲ್ಲಿಟ್ಟ ಕೀಲಿಕೈಗೆ. ಕಾರು ದೂರದಲ್ಲಿ ನಿಂತು ನೋಡುತ್ತಿತ್ತು.

"ದೇವ್ರಿಗೂ ಹೇಳಿಬಿಡ್ರಿ, ಕೈ ತೊಳಕೊಂಡು ಬಾ ಅಂತ" ಎಂದರು ಅಕ್ಕಾರ.

ಆ ಕಾರಿನಲ್ಲಿ ಕೂರುವುದಕ್ಕೆ ಒಂದು ಶಿಸ್ತಿತ್ತು. ಚಪ್ಪಲಿ ಬಿಚ್ಚಿ ಚೀಲದಲ್ಲಿ ಹಾಕಿ ಡಿಕ್ಕಿಗೆ ಇಡಬೇಕು. ತಲೆಗೆ ಎಣ್ಣೆ ಹಚ್ಚಿದವರ ಹಿಂದೆ ಟವೆಲ್ಲು. ಅಕ್ಕಾರ ಮುಡಿದ ಮಲ್ಲಿಗೆ ತೆಗೆದಿಡಬೇಕು, ಅದರ ರಸ ಕಲೆ ಮಾಡುತ್ತದೆ. ಬಾಗಿಲನ್ನು ತಳ್ಳಬಾರದು, ಮುಟ್ಟಿ ಬಿಡಬೇಕು. ಉಳಿದದ್ದನ್ನು ಜಪಾನು ನೋಡಿಕೊಳ್ಳುತ್ತದೆ. ಪ್ಲಾಸ್ಟಿಕ್ ತೆಗೆಯುವ ಪ್ರಶ್ನೆಯೇ ಇರಲಿಲ್ಲ. ಬಿಸಿಲಿನಲ್ಲಿ ಅದು ಬೆನ್ನಿಗೆ ಅಂಟಿಕೊಂಡು, ಇಳಿಯುವಾಗ ಚರ್ಮ ಸುಲಿದಂತೆ ಸದ್ದು ಮಾಡುತ್ತಿತ್ತು. ಐಷಾರಾಮ ಎಂದರೆ ಏನೆಂದು ನನಗೆ ತಿಳಿದದ್ದು ಆಗಲೇ.

ಭಾನುವಾರ ಬೆಳಿಗ್ಗೆ ಮಾತ್ರ ಅವರು ಕಾರು ಹೊರತೆಗೆಯುತ್ತಿದ್ದರು. ಮಿಲಿಟರಿಯವರಿರುವ ಕ್ಯಾಂಪಿನ ರಸ್ತೆಗಳು ಸ್ವಚ್ಛ ಎಂದು ಅಲ್ಲೇ ಸುತ್ತು ಹಾಕುತ್ತಿದ್ದರು. ಒಮ್ಮೆ ಯಾವುದೋ ಗೇಟಿನಲ್ಲಿ ನಿಂತಿದ್ದ ಸೈನಿಕನೊಬ್ಬ, ಇಂಥ ಕಾರಿನಲ್ಲಿ ಬರುವವರು ನಿವೃತ್ತ ಜನರಲ್ಲೇ ಇರಬೇಕೆಂದು ಸೆಲ್ಯೂಟ್ ಹೊಡೆದ. ಸರ್ ಮುಂದಿನ ತಿರುವಿನ ತನಕ ಹೋಗಿ, ತಿರುಗಿ, ಮತ್ತೆ ಅದೇ ಗೇಟಿನ ಮುಂದೆ ಬಂದರು. ಆ ದಿನದಿಂದ ಅವರ ಬೆನ್ನು ಸ್ವಲ್ಪ ನೆಟ್ಟಗಾಯಿತು. ಕಾರಿನಲ್ಲಿ ಕೂತಾಗ ಗದ್ದವೂ ಮೇಲೆದ್ದಿರುತ್ತಿತ್ತು.

ಅಷ್ಟರಲ್ಲೇ ನಿಂತಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ. ಮಳೆಗಾಲ ಮುಗಿದು ಬಿಸಿಲು ಬಿದ್ದ ಒಂದು ದಿನ, ಕಣಕುಂಬಿಯ ದೇವಿಗೆ ಹೋಗಬೇಕೆಂದು ಅಕ್ಕಾರ ಹೇಳಿದರು. ಬಸ್ಸಿನಲ್ಲಿ ಹೋಗೋಣವೆಂದೇ ಅವರು ಹೇಳಿದ್ದು. ಸರ್‌ಗೆ ಬೇರೆ ಹೊಳೆಯಿತು. ಕಣಕುಂಬಿಯಿಂದ ಸ್ವಲ್ಪ ಮುಂದೆ ಗೋವಾಕ್ಕೆ ಇಳಿಯುವ ಚೋರ್ಲಾ ಘಾಟು. ಹಿಂದೆ ಹಸಿರು ಕಣಿವೆ, ಮುಂದೆ ಮುತ್ತಿನ ಬಿಳಿಯ ಕಾರು. ಅಂಥದೊಂದು ಫೋಟೋ ತೆಗೆದು ಮೊಬೈಲಿನಲ್ಲಿದ್ದ ಹಳೆಯ ಕಾರಿನವರ ಗುಂಪಿಗೆ ಹಾಕಬೇಕು. ಫೋಟೋ ತೆಗೆಯುವ ಕೆಲಸಕ್ಕೆ ನಾನು.

ಹೋಗುವಾಗ ಎಲ್ಲವೂ ಸರಿಯಾಗಿತ್ತು. ಜಾಂಬೋಟಿ ದಾಟಿದೆವು, ಕಾಡು ದಾಟಿದೆವು, ದೇವಿಯ ದರ್ಶನವಾಯಿತು. ಗುಡಿಯಲ್ಲಿ ಕೊಟ್ಟ ಹೂವನ್ನು ಅಕ್ಕಾರ ಕಾರಿನೊಳಗೆ ತರುವಂತಿರಲಿಲ್ಲ. ಅಲ್ಲೇ ಕಟ್ಟೆಯ ಮೇಲೆ ಇಟ್ಟು, "ತಾಯಿ, ಬ್ಯಾಸರ ಮಾಡ್ಕೋಬ್ಯಾಡ, ಒರಿಜಿನಲ್ ಸೀಟು" ಎಂದು ಕೈಮುಗಿದು ಹಿಂದೆ ಹತ್ತಿದರು. ನಾನು ಮುಂದೆ, ಸರ್ ಪಕ್ಕದಲ್ಲಿ.

ಕಣಕುಂಬಿ ಬಿಟ್ಟು ತುಸು ಮುಂದೆ ಹೋದ ಮೇಲೆ ಬಲಗಡೆಯ ಮುಂದಿನ ಚಕ್ರದಿಂದ ಸದ್ದು ಶುರುವಾಯಿತು. ಟಪ್, ಟಪ್, ಟಪ್. ಒದ್ದೆ ಚಪ್ಪಲಿ ಹಾಕಿಕೊಂಡು ಯಾರೋ ನಮ್ಮ ಪಕ್ಕದಲ್ಲೇ ಓಡಿಬರುತ್ತಿದ್ದ ಹಾಗೆ.

"ಸರ್, ಟೈರಿನದ ಸಪ್ಪಳ" ಎಂದೆ.

"ರಸ್ತಾ ಹಂಗೈತಿ."

"ರಸ್ತಾ ನಮ್ ಜೋಡಿ ಓಡಿ ಬರ್ತೈತೇನ್ರಿ?" ಎಂದು ಹಿಂದಿನಿಂದ ಅಕ್ಕಾರ. "ನಿಲ್ಲಸ್ರಿ, ಒಮ್ಮಿ ಇಳದು ನೋಡ್ರಿ."

ಸರ್ ಒಪ್ಪಿದರು. ನಿಲ್ಲಿಸುವುದಕ್ಕೆ ಅವರ ತಕರಾರೇನೂ ಇರಲಿಲ್ಲ. ಎಲ್ಲಿ ನಿಲ್ಲಿಸಬೇಕು ಎಂಬುದೇ ಸಮಸ್ಯೆ. ರಸ್ತೆಯ ಪಕ್ಕ ಅಗಲವಾದ ಜಾಗ ಬಂತು. ಅಲ್ಲಿ ಮುಳ್ಳಿನ ಪೊದೆ ರಸ್ತೆಯತ್ತ ಚಾಚಿತ್ತು. "ಗೀರ್ತೈತಿ" ಎಂದು ಮುಂದೆ ಹೋದರು. ಒಂದು ಚಹಾದ ಗಾಡಿ ಬಂತು. ಮುಂದೆ ವಿಶಾಲವಾದ ಅಂಗಳ, ಆದರೆ ಮಂಗಗಳಿದ್ದವು. ಮಂಗಗಳು ಬಾನೆಟ್ಟಿನ ಮೇಲೆ ಕೂರುತ್ತವೆ. ಟಪ್ ಟಪ್ ಎಂಬುದು ಈಗ ಧಡ್ ಧಡ್ ಆಗಿತ್ತು, ನನ್ನ ಕಾಲಡಿಯ ನೆಲ ನಡುಗುತ್ತಿತ್ತು. ಘಾಟಿನ ಇಳಿಜಾರು ಶುರುವಾಗುವ ಮೊದಲು ಇನ್ನೊಂದು ಒಳ್ಳೆಯ ಜಾಗ ಸಿಕ್ಕಿತು. ಪೊದೆಯಿಲ್ಲ, ಮಂಗವಿಲ್ಲ. ಕೆಂಪು ಕೆಸರಿನ ರಾಡಿ ಇತ್ತು.

"ಸರ್, ಇಲ್ಲಿ ನಿಲ್ಲಸ್ರಿ."

"ರಾಡಿ ಐತೆಲ್ಲೋ. ಫೋಟೋಕ್ಕ ಹೊಂಟೀವಿ, ಎಮ್ಮಿ ಮೈ ತೊಳ್ಯಾಕ ಹೊಂಟಿಲ್ಲ."

ಈ ಮಾತನ್ನು ನಾನು ಇವತ್ತಿಗೂ ಅದೇ ದನಿಯಲ್ಲಿ ಕೇಳಬಲ್ಲೆ. ಇದು ಅವರ ಕೊನೆಯ ಮಾತಾಗಬಹುದಿತ್ತು. ನಾನು ಕೇಳಿದ ಕೊನೆಯ ಮಾತೂ ಅದೇ ಆಗುತ್ತಿತ್ತು.

ಇಳಿಜಾರಿನ ತಿರುವು. ಎಡಕ್ಕೆ, ನನ್ನ ಬಾಜೂ, ಗುಡ್ಡ ಕಡಿದ ಜಂಬಿಟ್ಟಿಗೆಯ ಗೋಡೆ. ಬಲಕ್ಕೆ ಕಣಿವೆ, ಅಂಚಿಗೆ ಸುಣ್ಣ ಬಳಿದ ಕಲ್ಲುಗಳು, ನಡುವೆ ಒಂದು ಕಡೆ ಕಲ್ಲು ಕಿತ್ತುಹೋದ ಖಾಲಿ ಜಾಗ. ಟೈರಿನ ಮೇಲ್ಪದರ ಕಿತ್ತು ಎದ್ದು ಕಾರಿಗೆ ಬಡಿಯಿತು. ಮರುಕ್ಷಣ ಟೈರೇ ಒಡೆಯಿತು. ಕಾರು ಬಲಕ್ಕೆ ಹೊರಳಿತು. ಸರ್ ಬ್ರೇಕ್ ಒತ್ತಿದರು, ಅದು ಇನ್ನಷ್ಟು ಬಲಕ್ಕೆ ಎಳೆಯಿತು. ಗಾಜಿನ ತುಂಬ ರಸ್ತೆ ಹೋಗಿ ಮರದ ತುದಿಗಳು ಬಂದವು. ಮರದ ತುದಿಗಳನ್ನು ನಾವು ಕತ್ತೆತ್ತಿ ನೋಡುತ್ತೇವೆ. ಅವು ನನ್ನ ಮೊಣಕಾಲಿಗಿಂತ ಕೆಳಗಿದ್ದವು. ಆ ಖಾಲಿ ಜಾಗದ ಕಡೆಗೇ ನಾವು ಹೋಗುತ್ತಿದ್ದೆವು, ಮೆಲ್ಲಗೆ, ಎಲ್ಲವನ್ನೂ ನೋಡಲು ಪುರುಸೊತ್ತು ಸಿಗುವಷ್ಟು ಮೆಲ್ಲಗೆ. ನನಗೆ ಸಾವಿನ ಯೋಚನೆ ಬರಲಿಲ್ಲ. ಚಪ್ಪಲಿ ಡಿಕ್ಕಿಯಲ್ಲಿದೆ ಎಂಬ ಯೋಚನೆ ಬಂತು.

ಆಗ ಸರ್ ಸ್ಟಿಯರಿಂಗನ್ನು ಎರಡೂ ಕೈಯಿಂದ, ಇಡೀ ಮೈಯಿಂದ, ಎಡಕ್ಕೆ ತಿರುಗಿಸಿದರು. ಕಾರು ಕಣಿವೆಯನ್ನು ಬಿಟ್ಟು ರಸ್ತೆಗೆ ಅಡ್ಡವಾಗಿ ಬಂದು ಗಟಾರಕ್ಕೆ ಇಳಿದು ಗೋಡೆಗೆ ತಾಗಿತು. ಅವರು ಬಿಡಲಿಲ್ಲ. ಗೋಡೆಗೆ ಒತ್ತಿ ಹಿಡಿದೇ ಹಿಡಿದರು. ಮುಂದಿನ ದೀಪದಿಂದ ಹಿಂದಿನ ದೀಪದ ತನಕ ಆ ಕಾರಿನ ಎಡಮೈಯನ್ನು ಜಂಬಿಟ್ಟಿಗೆ ತುರಿಯುತ್ತ ಹೋಯಿತು. ನನ್ನ ಕಿಟಕಿಯ ಗಾಜು ಪುಡಿಯಾಗಿ ಮಡಿಲಿಗೆ ಬಿತ್ತು. ಕಾರು ನಿಂತಿತು.

ನಾನು ಅಭ್ಯಾಸಬಲದಿಂದ ನನ್ನ ಕಡೆಯ ಬಾಗಿಲಿನ ಹಿಡಿಕೆಗೆ ಕೈ ಹಾಕಿದೆ. ಗೋಡೆಗೂ ಬಾಗಿಲಿಗೂ ನಡುವೆ ಬೆರಳು ತೂರಿಸುವಷ್ಟೂ ಜಾಗವಿರಲಿಲ್ಲ.

"ಬಾಗಲಾ ತಗೀಬ್ಯಾಡ" ಎಂದರು ಸರ್, ಎದುರಿಗೇ ನೋಡುತ್ತ. "ಬಣ್ಣ ಹೋಗ್ತೈತಿ."

ಹಿಂದಿನಿಂದ ಒಂದು ವಿಚಿತ್ರ ಸದ್ದು ಬಂತು. ಅಕ್ಕಾರ ನಗುತ್ತಿದ್ದಾರೋ ಅಳುತ್ತಿದ್ದಾರೋ ತಿಳಿಯಲಿಲ್ಲ. ತಿರುಗಿ ನೋಡಿದರೆ ಎರಡನ್ನೂ ಒಟ್ಟಿಗೇ ಮಾಡುತ್ತಿದ್ದರು.

ಸರ್ ಇದ್ದ ಬಲಗಡೆಯ ಬಾಗಿಲುಗಳಿಂದ ಎಲ್ಲರೂ ಇಳಿದೆವು. ಬರಿಗಾಲಲ್ಲಿ ನಿಂತಿದ್ದ ನನಗೆ ಸಿಟ್ಟು ಬಂತು. ಅಷ್ಟು ಸಿಟ್ಟು ನನ್ನಲ್ಲಿ ಇದ್ದದ್ದೇ ನನಗೆ ಗೊತ್ತಿರಲಿಲ್ಲ. "ನಿಮ್ಮ ಕಾರಿಗೆ ರಾಡಿ ಹತ್ತಬಾರ್ದು ಅಂತ ನಾವು ಸಾಯ್ತಿದ್ವಿ ಸರ್" ಎಂದೆ. ಅವರು ನನ್ನ ತೋಳು ಹಿಡಿದು ರಸ್ತೆಯಂಚಿನ ಕಲ್ಲಿನ ಮೇಲೆ ಕೂರಿಸಿದರು. ಜೇಬಿನಿಂದ ಕಾರು ಒರೆಸುವ ಮೆತ್ತನೆಯ ಬಟ್ಟೆ ತೆಗೆದು ಕೆಳಗೆ ಹಾಸಿ, ನನ್ನ ಅಂಗಿಯ ಮೇಲಿನ, ಕೂದಲೊಳಗಿನ ಗಾಜಿನ ಚೂರುಗಳನ್ನು ಒಂದೊಂದಾಗಿ ಆರಿಸಿ ಅದರ ಮೇಲೆ ಹಾಕತೊಡಗಿದರು. ಪ್ರತಿ ಚೂರನ್ನೂ ಬೆಳಕಿಗೆ ಹಿಡಿದು ನೋಡುತ್ತಿದ್ದರು, ರಕ್ತವೇನಾದರೂ ಹತ್ತಿದೆಯೇ ಎಂದು. ಎರಡು ಸಲ ಚೂರನ್ನು ನನ್ನ ಕಿವಿಗೇ ಚುಚ್ಚಿದರು.

ಅಷ್ಟರಲ್ಲಿ ಗೋವಾದ ಕಡೆಯಿಂದ ಮೇಲೆ ಬರುತ್ತಿದ್ದ ತರುಣರ ಗುಂಪೊಂದು ಗಾಡಿ ನಿಲ್ಲಿಸಿತು. ನೆರವಿಗೆ ಎಂದುಕೊಂಡೆ. ಅವರ ಕಡೆಗಿದ್ದದ್ದು ಕಾರಿನ ಬಲಮೈ. ಅಲ್ಲಿ ಒಡೆದ ಟೈರೊಂದನ್ನು ಬಿಟ್ಟರೆ ಎಲ್ಲವೂ ಶೋರೂಮಿನಂತಿತ್ತು. "ಮಸ್ತ್ ಗಾಡಿ ಕಾಕಾ" ಎಂದು ಒಬ್ಬೊಬ್ಬರಾಗಿ ಅದರ ಪಕ್ಕ ನಿಂತು, ತಿರುವಿನಾಚೆಯ ಕಣಿವೆ ಹಿಂದೆ ಬರುವಂತೆ ಓರೆಯಿಂದ ಫೋಟೋ ತೆಗೆಸಿಕೊಂಡು ಹೋದರು. ನಾವು ಹೊರಟಿದ್ದ ಕೆಲಸ ಹೀಗೆ ಬೇರೆಯವರ ಮೊಬೈಲಿನಲ್ಲಿ ಪೂರೈಸಿತು.

ಆಮೇಲೆ ಸರ್ ನಾಲ್ಕೂ ಚಕ್ರಕ್ಕೆ ಹೊಸ ಟೈರು ಹಾಕಿಸಿದರು. ಅದರ ಬಗ್ಗೆ ಯಾರೂ ಮಾತಾಡಬಾರದೆಂಬ ಮುಖ ಮಾಡಿಕೊಂಡಿದ್ದರು, ಯಾರೂ ಮಾತಾಡಲಿಲ್ಲ. ಎಡಮೈಯನ್ನು ಮಾತ್ರ ರಿಪೇರಿ ಮಾಡಿಸಲಿಲ್ಲ. ಆ ಬಣ್ಣ ಇಲ್ಲಿ ಸಿಗುವುದಿಲ್ಲ ಎಂಬುದು ಅವರ ಕಾರಣ. ಕಾರನ್ನು ಎಡಮೈ ಕಾಂಪೌಂಡಿಗೆ ಒತ್ತುವಂತೆ ನಿಲ್ಲಿಸಿ, ನೋಡಲು ಬಂದವರಿಗೆ ಬಲಮೈ ತೋರಿಸಿ ಕಳಿಸುತ್ತಿದ್ದರು. ಬಂದವರು ಸಂತೋಷದಿಂದ ಹೋಗುತ್ತಿದ್ದರು. ಸಂಗ್ರಹಕಾರರಿಗೆ ಅರ್ಧ ಕಾರು ಸಾಕಾಗುತ್ತದೆ ಎಂದು ಕಾಣುತ್ತದೆ.

ನನ್ನದೇ ಅಷ್ಟು ಸುಲಭಕ್ಕೆ ಮುಗಿಯಲಿಲ್ಲ. ಅಂಗಡಿಯ ಶಟರು ಗಾಳಿಗೆ ಟಪ್ ಟಪ್ ಎಂದರೆ ಈಗಲೂ ನನ್ನ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತದೆ. ಪಾಠ ಮಾಡುತ್ತಿರುವಾಗ ಬೋರ್ಡಿನ ಮೇಲೆ ಮರದ ತುದಿಗಳು ಬಂದು ಹೋಗುತ್ತವೆ. ಆ ಗಳಿಗೆಯನ್ನು ಮತ್ತೆ ಮತ್ತೆ ತಿರುಗಿಸಿ ನೋಡುತ್ತೇನೆ, ಒಂದೇ ಜಾಗದಲ್ಲಿ ನಿಲ್ಲುತ್ತೇನೆ. ಕಣಿವೆ ಮತ್ತು ಗೋಡೆಯ ನಡುವೆ ಸರ್ ತಲೆಯಲ್ಲಿ ಏನಿತ್ತು? ಒಂದು ಮುಳ್ಳಿನ ಗೀರಿಗೂ ಒಪ್ಪದವರು ಇಡೀ ಎಡಮೈಯನ್ನು ಹೇಗೆ ಕೊಟ್ಟರು? ಕೆಟ್ಟ ದಿನಗಳಲ್ಲಿ, ಗೋಡೆಯಿದ್ದದ್ದು ಅವರ ಕಡೆಯಲ್ಲ, ನನ್ನ ಕಡೆ ಎಂಬುದೂ ನೆನಪಾಗುತ್ತದೆ. ಅವರಿರುವಾಗ ಕೇಳಲು ಬಾಯಿ ಬರಲಿಲ್ಲ. ಒಮ್ಮೆ ಮಾತು ತೆಗೆಯಹೋದರೆ, "ಚಾ ತಗೋ" ಎಂದು ಕಪ್ಪು ಮುಂದೆ ತಳ್ಳಿದರು.

ತೀರಿಕೊಂಡ ಮೇಲೆ ಮಾತಾಡಿಸಿಕೊಂಡು ಬರಲು ಹೋದೆ. ಅಕ್ಕಾರ ಪಡಸಾಲೆಯ ಚಾಪೆಯ ಮೇಲೆ ಕೂತಿದ್ದರು. ಬಂದವರೆಲ್ಲ ಹೋಗಿ ನಾವಿಬ್ಬರೇ ಉಳಿದಾಗ, ಇನ್ನು ಕೇಳದಿದ್ದರೆ ಎಂದಿಗೂ ಇಲ್ಲ ಎನ್ನಿಸಿ ಕೇಳಿಯೇಬಿಟ್ಟೆ.

"ಅಕ್ಕಾರ, ಘಾಟಿನ್ಯಾಗ ಆವತ್ತ ಸರ್ ಗ್ವಾಡಿ ಕಡೆ ತಿರುವಿದ್ರಲ್ಲ, ಆ ಹೊತ್ತಿನ್ಯಾಗ ಅವ್ರು ಏನ್ ವಿಚಾರ ಮಾಡಿರಬೇಕ್ರಿ?"

ಅಕ್ಕಾರ ಸೆರಗಿನಿಂದ ಮುಖ ಒರೆಸಿಕೊಂಡರು.

"ವಿಚಾರ ಮಾಡಾಕ ಅವ್ರಿಗೆ ವ್ಯಾಳ್ಯಾ ಎಲ್ಲಿತ್ತೋ ತಮ್ಮಾ" ಎಂದರು. "ವಿಚಾರ ಮಾಡಿದ್ರ ಕಾರ್ ಉಳಸ್ತಿದ್ರು."